ಹಳೇ ಕಂಪ್ಯೂಟರಿಗೊಂದು ಸ್ಟೆಪ್ನಿ

ಮದುವೆ ಸೀಸನ್ನು. ನಮ್ಮ ಬೀದಿಯ ಮುದ್ರಣಾಲಯದಲ್ಲಿ ಡಿಟಿಪಿ ಮಾಡುವ ಹುಡುಗಿ ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಮಾಡಿದಳು. ‘ಅಣ್ಣಾ, ಸಿಸ್ಟಮ್ ಆನ್ ಆಗ್ತಿಲ್ಲ. ಕಪ್ಪು ಸ್ಕ್ರೀನಲ್ಲಿ ಏನೋ ಮಿಸ್ಸಿಂಗ್ ಅಂತ ಬರ್ತಿದೆ. ಹನ್ನೊಂದಕ್ಕೆ ಗಂಡಿನ ಕಡೆಯೋರು ಪ್ರೂಫ್ ನೋಡೋಕೆ ಬರ್ತಾರೆ.’ ಹೋಗಿ ನೋಡಿದೆ. ಪರದೆಯ ಮೇಲೆ ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂಬ ಒಂದೇ ಸಾಲು. ಮೂಲೆಯಲ್ಲಿ ಕುಳಿತ ಯಜಮಾನರು ಆಗಲೇ ಹೊಸ ಕಂಪ್ಯೂಟರಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು.

ಕ್ಯಾಬಿನೆಟ್ಟಿನ ಮುಂದೆ ಬಗ್ಗಿ ನೋಡಿದರೆ, ಹಿಂದಿನ ದಿನ ಯಾರೋ ಗಿರಾಕಿ ಫೋಟೋ ಕೊಡಲು ತಂದಿದ್ದ ಪೆನ್‌ಡ್ರೈವ್ ಅಲ್ಲೇ ಚುಚ್ಚಿಕೊಂಡಿತ್ತು. ಕಿತ್ತು ಮತ್ತೆ ಆನ್ ಮಾಡಿದೆ, ಕಂಪ್ಯೂಟರ್ ಎದ್ದು ಕೂತಿತು. ಆ ಯಂತ್ರ ಮೊದಲು ಪೆನ್‌ಡ್ರೈವನ್ನು ನೋಡು, ಆಮೇಲೆ ಹಾರ್ಡ್‌ಡಿಸ್ಕನ್ನು ನೋಡು ಎಂದು ಹೊಂದಿಸಿಟ್ಟದ್ದು. ಗಿರಾಕಿಯ ಪೆನ್‌ಡ್ರೈವಿನಲ್ಲಿ ವಿಂಡೋಸ್ ಹುಡುಕಿ, ಸಿಗದೆ, ಅಲ್ಲೇ ಮೊಂಡು ಹಿಡಿದು ನಿಂತಿತ್ತು. ಆದ್ದರಿಂದ ಈ ಲೇಖನದ ಮೊದಲ ಸಲಹೆಗೆ ಖರ್ಚೇ ಇಲ್ಲ: ಈ ಸಾಲು ಕಂಡಾಗ ಗಾಬರಿಯಾಗುವ ಮೊದಲು ಚುಚ್ಚಿರುವುದನ್ನೆಲ್ಲ ಕಿತ್ತು ನೋಡಿ.

ಮೂರು ತಿಂಗಳ ಮೇಲೆ ಮತ್ತೆ ಫೋನ್, ಮತ್ತೆ ಅದೇ ಸಾಲು. ಈ ಸಲ ಚುಚ್ಚಿದ್ದು ಏನೂ ಇರಲಿಲ್ಲ. ಹಾರ್ಡ್‌ಡಿಸ್ಕಿನೊಳಗಿಂದ ಟಕ್ ಟಕ್ ಸದ್ದು ಬರುತ್ತಿತ್ತು. ಅಂಗಡಿಯ ಬೀರುವಿನಲ್ಲಿ ವಿಂಡೋಸ್ 7ರ ಡಿವಿಡಿ ಏನೋ ಇತ್ತು, ಆದರೆ ಅದನ್ನು ಹಾಕುವ ಡ್ರೈವಿನ ತಟ್ಟೆ ವರ್ಷಗಳಿಂದ ತೆರೆದಿರಲಿಲ್ಲ. ಪಿನ್ನು ಚುಚ್ಚಿ ತೆರೆದರೆ ಒಳಗೆ ಯಾವುದೋ ಯುಗಾದಿಯ ಭಕ್ತಿಗೀತೆಗಳ ಸಿಡಿ. ಬೇಕಾಗಿದ್ದುದು ಒಂದು ಬೂಟ್ ಆಗುವ ಪೆನ್‌ಡ್ರೈವ್. ಕಂಪ್ಯೂಟರ್ ಚೆನ್ನಾಗಿದ್ದ ದಿನ ಅರ್ಧ ಗಂಟೆ ಕೂತು ಮಾಡಿಟ್ಟಿದ್ದರೆ ಆಗುತ್ತಿತ್ತು. ಕೆಟ್ಟ ದಿನ ಅದನ್ನು ಮಾಡಲು ಇನ್ನೊಂದು ಕಂಪ್ಯೂಟರ್ ಹುಡುಕಿಕೊಂಡು ಊರೆಲ್ಲ ಅಲೆದೆವು. ಕಾರಿಗೆ ಸ್ಟೆಪ್ನಿ ಇಟ್ಟುಕೊಳ್ಳುವ ನಾವು ದಿನದ ಅನ್ನ ಕೊಡುವ ಯಂತ್ರಕ್ಕೆ ಇಟ್ಟುಕೊಳ್ಳುವುದಿಲ್ಲ.

ವಿಂಡೋಸ್ 7 ಈಗಲೂ ಯಾಕೆ?

ಯಾವ ಕಾಲದಲ್ಲಿದ್ದೀರಿ, ಹೊಸದು ಹಾಕಬಾರದೇ ಎಂದು ಪಟ್ಟಣದ ಕಂಪ್ಯೂಟರ್ ಅಂಗಡಿಯವರು ಕೇಳುತ್ತಾರೆ. ಕೇಳುವವರು ಕನ್ನಡದ ಡಿಟಿಪಿ ಕಂಡವರಲ್ಲ. ನಮ್ಮ ಎಷ್ಟೋ ಸಣ್ಣ ಮುದ್ರಣಾಲಯಗಳು ಇವತ್ತಿಗೂ ನಡೆಯುತ್ತಿರುವುದು ಪೇಜ್‌ಮೇಕರ್ 7ರ ಮೇಲೆ. ಅದು 2001ರಲ್ಲಿ ಬಂದ ತಂತ್ರಾಂಶ, ಯೂನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಅದರೊಳಗಿನ ಕನ್ನಡವೆಲ್ಲ ನುಡಿಯದೋ ಶ್ರೀಲಿಪಿಯದೋ ಹಳೇ ಪದ್ಧತಿಯ ಫಾಂಟುಗಳಲ್ಲಿದೆ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು. ಫಾಂಟ್ ಇಲ್ಲದ ಯಂತ್ರದಲ್ಲಿ ಆ ಕಡತ ತೆರೆದರೆ ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ, ನಡುವೆ ಬ್ರಿಟಿಷರ ಪೌಂಡ್ ಚಿಹ್ನೆಯೊಂದನ್ನು ಸಿಕ್ಕಿಸಿಕೊಂಡು ಕಾಣಿಸುತ್ತದೆ. ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಬಿಲ್ ಪುಸ್ತಕಗಳ ಮಾದರಿ ಎಲ್ಲ ಈ ರೂಪದಲ್ಲೇ ಕೂತಿವೆ. ಹೋದ ವರ್ಷದ ಜಾತ್ರೆಯ ಕರಪತ್ರದಲ್ಲಿ ತಾರೀಕು ಒಂದು ಬದಲಿಸಿ ಮತ್ತೆ ಅಚ್ಚು ಹಾಕುವುದು ಇವರ ದಿನನಿತ್ಯದ ಕೆಲಸ. ಅದಕ್ಕೆ ಹಳೇ ಯಂತ್ರವೇ ಬೇಕು. ಜೊತೆಗೆ ಹೊಸ ವಿಂಡೋಸಿಗೆ ಚಾಲಕ ತಂತ್ರಾಂಶವೇ ಸಿಗದ ಹಳೇ ಸ್ಕ್ಯಾನರ್, ಹಿಂದೆ ಡಾಂಗಲ್ ಚುಚ್ಚಿದರಷ್ಟೇ ತೆರೆಯುವ ಕನ್ನಡ ತಂತ್ರಾಂಶ ಇರುತ್ತವೆ.

ಹಾಗೆಂದು ಇದು ಅಪಾಯವಿಲ್ಲದ ಸಂಸಾರವಲ್ಲ. ವಿಂಡೋಸ್ 7 ಬಂದದ್ದು 2009ರ ಅಕ್ಟೋಬರ್ 22ರಂದು. ಮೈಕ್ರೋಸಾಫ್ಟ್ ಅದಕ್ಕೆ ಸಾಮಾನ್ಯರಿಗೆ ಕೊಡುತ್ತಿದ್ದ ಭದ್ರತಾ ಪರಿಷ್ಕರಣೆ 2020ರ ಜನವರಿ 14ಕ್ಕೆ ನಿಂತಿತು. ಅಲ್ಲಿಂದ ಈಚೆ ಅದು ಬೀಗ ಬದಲಿಸದ ಮನೆ. ಪೇಜ್‌ಮೇಕರಿಗೆ ಇಂಟರ್ನೆಟ್ ಬೇಕಿಲ್ಲ, ಆದ್ದರಿಂದ ಆ ಯಂತ್ರಕ್ಕೆ ನೆಟ್ ಕೊಡಬೇಡಿ ಎಂಬುದು ನನ್ನ ಖಂಡಿತ ಅಭಿಪ್ರಾಯ. ಈಮೇಲ್, ವಾಟ್ಸ್ಯಾಪ್, ಬ್ಯಾಂಕು, ಜಿಎಸ್‌ಟಿ ಎಲ್ಲಕ್ಕೂ ಇನ್ನೊಂದು ಯಂತ್ರವೋ ಮೊಬೈಲೋ ಇರಲಿ.

ಬೂಟ್ ಆಗುವುದು ಎಂದರೆ

ಡಿವಿಡಿಯಲ್ಲಿದ್ದ ಕಡತಗಳನ್ನೆಲ್ಲ ಆಯ್ದು ಪೆನ್‌ಡ್ರೈವಿಗೆ ಕಾಪಿ ಮಾಡಿ, ‘ಯಾಕೋ ಬೂಟ್ ಆಗ್ತಿಲ್ಲ’ ಎನ್ನುವವರು ಬಹಳ. ಗುಂಡಿ ಒತ್ತಿದ ಕೂಡಲೇ ಹಳೇ ಕಂಪ್ಯೂಟರಿನ ಬಯಾಸ್ ಕಡತಗಳನ್ನು ಹುಡುಕುವುದಿಲ್ಲ. ಡ್ರೈವಿನ ಮೊಟ್ಟಮೊದಲ 512 ಬೈಟುಗಳನ್ನು ಓದುತ್ತದೆ, ಅಷ್ಟೇ. ಮಾಸ್ಟರ್ ಬೂಟ್ ರೆಕಾರ್ಡ್ ಎಂದು ಅದರ ಹೆಸರು. ಯಾವ ಭಾಗದಿಂದ ಮುಂದುವರಿಯಬೇಕು ಎಂಬ ಸೂಚನೆ ಅಲ್ಲಿರುತ್ತದೆ. ಆ ಭಾಗಕ್ಕೆ ಹೋದರೆ ಅಲ್ಲಿ ಇನ್ನೊಂದು ಪುಟ್ಟ ಸೂಚನೆ, ಅದು ಬೂಟ್‌ಎಂಜಿಆರ್ ಎಂಬ ಕಡತವನ್ನು ಎಬ್ಬಿಸುತ್ತದೆ, ಅದು ವಿಂಡೋಸನ್ನು ಎಬ್ಬಿಸುತ್ತದೆ. ನಾವು ಮೌಸಿನಲ್ಲಿ ಎಳೆದು ಬಿಟ್ಟಾಗ ಹೋಗುವುದು ಕಡತಗಳು ಮಾತ್ರ. ಕಣ್ಣಿಗೆ ಕಾಣದ ಆ ಮೊದಲ ತುಂಡು ಹೋಗುವುದಿಲ್ಲ. ಅದನ್ನು ಬರೆಯಲೆಂದೇ ಬೇರೆ ತಂತ್ರಾಂಶ ಬೇಕು.

ಇನ್ನೊಂದು ಆಸೆಯನ್ನೂ ಇಲ್ಲೇ ಮುರಿದುಬಿಡುತ್ತೇನೆ. ಹೊರಗಿನ ಹಾರ್ಡ್‌ಡಿಸ್ಕಿಗೇ ವಿಂಡೋಸ್ 7 ಹಾಕಿ, ಬೇಕಾದ ಕಂಪ್ಯೂಟರಿಗೆ ಚುಚ್ಚಿ ಅಲ್ಲಿಂದಲೇ ಓಡಿಸಬಹುದೇ ಎಂದು ಕೇಳುತ್ತಾರೆ. ಹಳೇ ಇಂಟೆಲ್ ಮ್ಯಾಕ್‌ಗಳಲ್ಲಿ ಮ್ಯಾಕ್‌ನ ಸ್ವಂತ ಓಎಸ್ಸನ್ನು ಹೀಗೆ ಓಡಿಸುವುದು ಸಲೀಸು. ಆನ್ ಮಾಡುವಾಗ ಆಪ್ಶನ್ ಕೀ ಒತ್ತಿಹಿಡಿದು ಹೊರಗಿನ ಡಿಸ್ಕನ್ನು ಆರಿಸಿದರಾಯಿತು. ಲಿನಕ್ಸೂ ಹಾಗೆ ಓಡುತ್ತದೆ. ವಿಂಡೋಸ್ 7 ಒಪ್ಪುವುದಿಲ್ಲ. ಏಳುವಾಗ ನಡುವೆ ಒಮ್ಮೆ ಯುಎಸ್‌ಬಿ ಚಾಲಕಗಳನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ತಾನು ಕೂತಿದ್ದ ಡಿಸ್ಕೇ ಕೈತಪ್ಪಿ ನೀಲಿ ಪರದೆ ಬಡಿಯುತ್ತದೆ. ಕೂತ ಕೊಂಬೆಯನ್ನೇ ಕಡಿದುಕೊಂಡಂತೆ. ಆದ್ದರಿಂದ ನಾವಿಲ್ಲಿ ಮಾಡುತ್ತಿರುವುದು ವಿಂಡೋಸನ್ನು ಹಾಕುವ, ಕೆಟ್ಟರೆ ರಿಪೇರಿ ಮಾಡುವ ಡ್ರೈವ್.

ಮೊದಲು ಸಾಮಾನು ಜೋಡಿಸಿ

ಪೆನ್‌ಡ್ರೈವ್ 8 ಜಿಬಿ ಸಾಕು, 16 ಇದ್ದರೆ ಚಾಲಕ ತಂತ್ರಾಂಶಗಳಿಗೂ ಜಾಗವಾಗುತ್ತದೆ. ಒಳ್ಳೇ ಹೆಸರಿನದ್ದೇ ತೆಗೆದುಕೊಳ್ಳಿ. ಬಸ್ ಸ್ಟ್ಯಾಂಡಿನ ಹತ್ತಿರ ಅಗ್ಗಕ್ಕೆ ಸಿಗುವ 64 ಜಿಬಿ ಎಂದು ಬರೆದ ಪೆನ್‌ಡ್ರೈವುಗಳಲ್ಲಿ ಒಳಗೆ ಅಷ್ಟು ಜಾಗವೇ ಇರದ ಮೋಸದ ಮಾಲೂ ಇರುತ್ತದೆ. ಬರೆದಂತೆ ತೋರಿಸಿ, ಓದುವಾಗ ಕೈಕೊಡುತ್ತವೆ. ಮತ್ತೆ, ಅದರಲ್ಲಿ ಏನೇ ಇದ್ದರೂ ಪೂರಾ ಅಳಿಸಿಹೋಗುತ್ತದೆ. ಮಗುವಿನ ನಾಮಕರಣದ ಫೋಟೋ ಇರುವ ಪೆನ್‌ಡ್ರೈವನ್ನು ಈ ಕೆಲಸಕ್ಕೆ ತರಬೇಡಿ.

ಮುಖ್ಯವಾದದ್ದು ಐಎಸ್‌ಒ ಕಡತ, ಅಂದರೆ ಇಡೀ ಡಿವಿಡಿಯ ಪಡಿಯಚ್ಚು. ಮೈಕ್ರೋಸಾಫ್ಟ್ ಈಗ ವಿಂಡೋಸ್ 7ರ ಐಎಸ್‌ಒವನ್ನು ಸಾರ್ವಜನಿಕರಿಗೆ ಕೊಡುವುದಿಲ್ಲ. ಆದ್ದರಿಂದ ಯಂತ್ರದ ಜೊತೆ ಬಂದ ಡಿವಿಡಿಯನ್ನು ಮೊದಲು ಹುಡುಕಿ. ಡಿವಿಡಿ ಓದುವ ಯಾವುದಾದರೂ ಕಂಪ್ಯೂಟರಿನಲ್ಲಿ ಇಮೇಜ್‌ಬರ್ನ್ ಎಂಬ ಉಚಿತ ತಂತ್ರಾಂಶದಿಂದ ಅದರ ಐಎಸ್‌ಒ ಮಾಡಿಕೊಳ್ಳಬಹುದು. ಸರ್ವೀಸ್ ಪ್ಯಾಕ್ 1 ಸೇರಿರುವ ಆವೃತ್ತಿಯಾದರೆ 32 ಬಿಟ್ಟಿನದು ಹೆಚ್ಚುಕಡಿಮೆ 2.4 ಜಿಬಿ, 64 ಬಿಟ್ಟಿನದು 3.1 ಜಿಬಿ ಇರುತ್ತದೆ. ‘ಎಲ್ಲ ಆವೃತ್ತಿಯೂ ಒಂದರಲ್ಲೇ, ಕೀ ಬೇಡ’ ಎಂದು ಅಂತರಜಾಲದಲ್ಲಿ ಯಾರೋ ಹಂಚುವ ಕಡತಗಳ ಗೊಡವೆ ಬೇಡ. ಕಳ್ಳಮಾಲು ಎಂಬುದು ಒಂದು ಮಾತಾಯಿತು. ಅದರೊಳಗೆ ಇನ್ನೇನನ್ನು ಸೇರಿಸಿದ್ದಾರೋ ನಿಮಗೂ ತಿಳಿಯದು, ನನಗೂ ತಿಳಿಯದು.

ಕೀ ಎಲ್ಲಿದೆ? ಬ್ರ್ಯಾಂಡೆಡ್ ಕಂಪ್ಯೂಟರಾದರೆ ಕ್ಯಾಬಿನೆಟ್ಟಿನ ಬದಿಗೋ ಲ್ಯಾಪ್‌ಟಾಪಿನ ಅಡಿಗೋ ಅಂಟಿಸಿದ ಚೀಟಿಯಲ್ಲಿ 25 ಅಕ್ಷರಗಳ ಕೀ ಇರುತ್ತದೆ. ಎಷ್ಟೋ ಕಡೆ ಅದು ಒರಸಿ ಒರಸಿ ಮಾಸಿದೆ. ಇವತ್ತೇ ಒಂದು ಫೋಟೋ ತೆಗೆದಿಡಿ. ಚೀಟಿಯಲ್ಲಿ ಪ್ರೊಫೆಶನಲ್ ಎಂದಿದ್ದರೆ ಪ್ರೊಫೆಶನಲ್ಲೇ ಹಾಕಬೇಕು, ಹೋಮ್ ಪ್ರೀಮಿಯಮ್ಮಿಗೆ ಆ ಕೀ ಕೂರದು. ಡಿವಿಡಿ ಬೇರೆ ಆವೃತ್ತಿಯದಾಗಿದ್ದರೂ ಒಂದು ದಾರಿಯುಂಟು. ಪೆನ್‌ಡ್ರೈವ್ ತಯಾರಾದ ಮೇಲೆ ಅದರ ಸೋರ್ಸಸ್ ಫೋಲ್ಡರಿನಲ್ಲಿ ಇಐ ಡಾಟ್ ಸಿಎಫ್‌ಜಿ ಎಂಬ ಚಿಕ್ಕ ಕಡತವಿದ್ದರೆ ಅದನ್ನು ಅಳಿಸಿಬಿಡಿ. ಆಗ ಯಾವ ಆವೃತ್ತಿ ಬೇಕೆಂದು ವಿಂಡೋಸೇ ಪಟ್ಟಿ ತೋರಿಸಿ ಕೇಳುತ್ತದೆ.

32 ಬಿಟ್ಟೋ 64 ಬಿಟ್ಟೋ? ಮನೆಯ ಕಂಪ್ಯೂಟರಾದರೆ, 4 ಜಿಬಿಗಿಂತ ಹೆಚ್ಚು ರ್‍ಯಾಮ್ ಇದ್ದರೆ, 64 ಎನ್ನುತ್ತಿದ್ದೆ. ಮುದ್ರಣಾಲಯಕ್ಕೆ 32 ಬಿಟ್ಟೇ ಸರಿ. ಹಳೇ ಸ್ಕ್ಯಾನರ್, ಡಾಂಗಲ್‌ಗಳ ಚಾಲಕಗಳು ಬಹುಪಾಲು 32 ಬಿಟ್ಟಿನಲ್ಲಷ್ಟೇ ಸಿಗುತ್ತವೆ. ಇನ್ನೂ ಹಳೆಯ ಕೆಲವು ತಂತ್ರಾಂಶಗಳ ಸೆಟಪ್ 16 ಬಿಟ್ಟಿನದು; 64 ಬಿಟ್ಟಿನ ವಿಂಡೋಸಿನಲ್ಲಿ ಅದು ಏಳುವುದೇ ಇಲ್ಲ. ಈಗ ಯಾವುದಿದೆಯೋ ಅದನ್ನೇ ಮತ್ತೆ ಹಾಕುವುದು ಎಲ್ಲಕ್ಕಿಂತ ಸುರಕ್ಷಿತ. ಕಂಪ್ಯೂಟರ್ ಎಂಬುದರ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಯಾವುದೆಂದು ಬರೆದಿರುತ್ತದೆ.

ರೂಫಸ್ ಜೊತೆ ಹತ್ತು ನಿಮಿಷ

ಪೆನ್‌ಡ್ರೈವ್ ತಯಾರಿಸಲು ನಾನು ಬಳಸುವುದು ರೂಫಸ್. ಉಚಿತ, ಒಂದೆರಡು ಎಂಬಿಯ ಪುಟಾಣಿ, ಇನ್‌ಸ್ಟಾಲ್ ಮಾಡುವ ಗೋಜೂ ಇಲ್ಲ. ಡ್ರೈವ್ ತಯಾರಿಸುವ ಕಂಪ್ಯೂಟರೂ ವಿಂಡೋಸ್ 7 ಆಗಿದ್ದರೆ ರೂಫಸಿನ 3.22ನೇ ಆವೃತ್ತಿಯನ್ನೇ ತೆಗೆದುಕೊಳ್ಳಿ, 4ರಿಂದ ಮುಂದಿನವು ವಿಂಡೋಸ್ 7ರಲ್ಲಿ ತೆರೆಯುವುದಿಲ್ಲ.

ತೆರೆದಾಗ ಮೇಲೆ ಡಿವೈಸ್ ಎಂಬಲ್ಲಿ ನಿಮ್ಮ ಪೆನ್‌ಡ್ರೈವ್ ಕಾಣಬೇಕು. ಹೆಸರು ನೋಡಿ, ಗಾತ್ರ ನೋಡಿ, ಇನ್ನೊಮ್ಮೆ ನೋಡಿ. ಬ್ಯಾಕಪ್ಪಿನ ಹಾರ್ಡ್‌ಡಿಸ್ಕನ್ನೂ ಚುಚ್ಚಿಕೊಂಡು ಈ ಕೆಲಸಕ್ಕೆ ಕೂರಬೇಡಿ. ಬೂಟ್ ಸೆಲೆಕ್ಷನ್ ಪಕ್ಕದ ಸೆಲೆಕ್ಟ್ ಒತ್ತಿ ಐಎಸ್‌ಒ ತೋರಿಸಿ. ಪಾರ್ಟಿಶನ್ ಸ್ಕೀಮ್ ಎಂಬಲ್ಲಿ ಎಂಬಿಆರ್ ಇರಲಿ, ಟಾರ್ಗೆಟ್ ಸಿಸ್ಟಮ್ ಎಂಬಲ್ಲಿ ಬಯಾಸ್ ಎಂದಿರಬೇಕು. ಎಡವುವುದು ಇಲ್ಲಿಯೇ. ಹೊಸ ಕಂಪ್ಯೂಟರುಗಳ ಅಭ್ಯಾಸದಲ್ಲಿ ಜಿಪಿಟಿ ಆರಿಸಿಬಿಟ್ಟರೆ ಹಳೇ ಬಯಾಸಿಗೆ ಆ ಪೆನ್‌ಡ್ರೈವ್ ಇದ್ದೂ ಇಲ್ಲದಂತೆ. 32 ಬಿಟ್ಟಿನ ವಿಂಡೋಸ್ 7ಕ್ಕಂತೂ ಯುಇಎಫ್‌ಐ ಎಂಬ ಹೊಸ ಪದ್ಧತಿಯೇ ಒಗ್ಗದು. ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ಇರಲಿ; ಪರಿಷ್ಕರಣೆಗಳನ್ನೆಲ್ಲ ತುಂಬಿ ಮಾಡಿದ ಐಎಸ್‌ಒಗಳಲ್ಲಿ 4 ಜಿಬಿ ದಾಟಿದ ಕಡತವಿರಬಹುದು, ಫ್ಯಾಟ್ 32 ಅಷ್ಟು ದೊಡ್ಡ ಕಡತವನ್ನು ಹಿಡಿಯದು. ಮಿಕ್ಕದ್ದೇನೂ ಮುಟ್ಟದೆ ಸ್ಟಾರ್ಟ್ ಒತ್ತಿ. ಎಲ್ಲ ಅಳಿಸಿಹೋಗುತ್ತದೆ ಎಂದು ಎಚ್ಚರಿಸುತ್ತದೆ, ಓಕೆ. ಹಸಿರು ಪಟ್ಟಿ ತುಂಬಿ ರೆಡಿ ಎಂದು ಬರುವವರೆಗೆ ಕಾಫಿ ಕುಡಿಯಬಹುದು.

ರೂಫಸ್ ಸಿಗದ ಜಾಗದಲ್ಲಿ ಕೈಯಿಂದಲೇ ಮಾಡುವ ದಾರಿಯೂ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರದಲ್ಲಿ ಡಿಸ್ಕ್‌ಪಾರ್ಟ್ ಎಂದು ಹೊಡೆಯಿರಿ. ಲಿಸ್ಟ್ ಡಿಸ್ಕ್ ಎಂದರೆ ಡಿಸ್ಕುಗಳ ಪಟ್ಟಿ. ಗಾತ್ರ ನೋಡಿ ಪೆನ್‌ಡ್ರೈವಿನ ಸಂಖ್ಯೆ ಹಿಡಿಯಿರಿ, ಅದು 1 ಆಗಿದ್ದರೆ ಸೆಲೆಕ್ಟ್ ಡಿಸ್ಕ್ 1. ಆಮೇಲೆ ಕ್ಲೀನ್, ಕ್ರಿಯೇಟ್ ಪಾರ್ಟಿಶನ್ ಪ್ರೈಮರಿ, ಆಕ್ಟಿವ್ ಎಂಬ ಆಜ್ಞೆಗಳು ಒಂದೊಂದಾಗಿ. ಕೊನೆಗೆ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್, ಅಸೈನ್, ಎಕ್ಸಿಟ್. ಕ್ಲೀನ್ ಎಂಬ ಆಜ್ಞೆಗೆ ‘ಖಂಡಿತವಾ?’ ಎಂದು ಕೇಳುವ ಸೌಜನ್ಯವಿಲ್ಲ. ಸಂಖ್ಯೆ ತಪ್ಪಿದರೆ ಚುಚ್ಚಿರುವ ಇನ್ನೊಂದು ಡಿಸ್ಕೇ ಕ್ಲೀನ್. ಇದಾದ ಮೇಲೆ ಐಎಸ್‌ಒದೊಳಗಿನ ಬೂಟ್ ಫೋಲ್ಡರಿನಲ್ಲಿರುವ ಬೂಟ್‌ಸೆಕ್ಟ್ ಎಂಬುದನ್ನು ಎನ್‌ಟಿ60 ಎಂಬ ಗುರುತಿನೊಡನೆ ಪೆನ್‌ಡ್ರೈವಿನ ಮೇಲೆ ಓಡಿಸಿ, ಕಡತಗಳನ್ನೆಲ್ಲ ಕಾಪಿ ಮಾಡಬೇಕು. 64 ಬಿಟ್ಟಿನ ಡಿವಿಡಿಯ ಬೂಟ್‌ಸೆಕ್ಟ್ 32 ಬಿಟ್ಟಿನ ಕಂಪ್ಯೂಟರಿನಲ್ಲಿ ಓಡದು, ಅದು ನೆನಪಿರಲಿ.

ಎಬ್ಬಿಸುವುದು

ಪೆನ್‌ಡ್ರೈವನ್ನು ಹಿಂದಿನ, ಮದರ್‌ಬೋರ್ಡಿನದೇ ಯುಎಸ್‌ಬಿ ಕಿಂಡಿಗೆ ಚುಚ್ಚಿ. ಕ್ಯಾಬಿನೆಟ್ಟಿನ ಮುಂದಿನ ಕಿಂಡಿಗಳ ವೈರು ಎಷ್ಟೋ ಕಡೆ ಸಡಿಲ. ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಯನ್ನು ಟಕಟಕ ಒತ್ತುತ್ತಿರಬೇಕು. ಡೆಲ್, ಲೆನೊವೊ, ಗಿಗಾಬೈಟ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್9, ಆಸುಸ್ ಬೋರ್ಡಿನಲ್ಲಿ ಎಫ್8, ಎಂಎಸ್‌ಐಯಲ್ಲಿ ಎಫ್11, ಇಂಟೆಲ್ ಬೋರ್ಡಿನಲ್ಲಿ ಎಫ್10. ಕಪ್ಪು ಪರದೆಯ ಮೇಲೆ ಬಿಳಿ ಪಟ್ಟಿಯೊಂದು ನಿಧಾನವಾಗಿ ತುಂಬುತ್ತಾ ‘ವಿಂಡೋಸ್ ಈಸ್ ಲೋಡಿಂಗ್ ಫೈಲ್ಸ್’ ಎಂದರೆ ಗೆದ್ದಿರಿ. ಆಮೇಲೆ ನಾಲ್ಕು ಬಣ್ಣದ ಮಿಣುಕುಗಳು ಸುತ್ತಿ ಬಂದು ಒಂದಾಗಿ ಬಾವುಟವಾಗುತ್ತವೆ. ಹಳೇ ಯಂತ್ರದಲ್ಲಿ ಇಷ್ಟಕ್ಕೇ ಎರಡು ಮೂರು ನಿಮಿಷ ಹಿಡಿಯಬಹುದು, ಕೈಚಳಕ ತೋರಿಸಿ ರೀಸ್ಟಾರ್ಟ್ ಮಾಡಬೇಡಿ.

ಸ್ವಲ್ಪ ಈಚಿನ ಯಂತ್ರಗಳಾದರೆ ಬಯಾಸಿನೊಳಗೆ ಹೋಗಿ ಸೆಕ್ಯೂರ್ ಬೂಟನ್ನು ಆಫ್ ಮಾಡಿ, ಸಿಎಸ್‌ಎಂ ಅಥವಾ ಲೆಗಸಿ ಎಂಬುದನ್ನು ಆನ್ ಮಾಡಬೇಕಾಗುತ್ತದೆ.

ಇಲ್ಲೊಂದು ಪ್ರಸಿದ್ಧ ಮುಗ್ಗರಿಕೆ ಕಾದಿದೆ. ಇನ್‌ಸ್ಟಾಲ್ ನೌ ಒತ್ತಿದ ಮೇಲೆ, ‘ಸಿಡಿ/ಡಿವಿಡಿ ಡ್ರೈವಿನ ಚಾಲಕ ಕಾಣುತ್ತಿಲ್ಲ’ ಎಂಬರ್ಥದ ಒಂದು ಪೆಟ್ಟಿಗೆ ಎದುರಾಗುತ್ತದೆ. ನಾವು ಡಿವಿಡಿಯನ್ನೇ ಹಾಕಿಲ್ಲ, ಅದರ ಚಾಲಕ ಎಲ್ಲಿಂದ ತರುವುದು ಎಂದು ತಲೆ ಕೆರೆದುಕೊಂಡವರೆಷ್ಟೋ. ಅಸಲು ಸಂಗತಿ ಬೇರೆ. ವಿಂಡೋಸ್ 7ಕ್ಕೆ ಯುಎಸ್‌ಬಿ 3 ಹುಟ್ಟಿನಿಂದ ತಿಳಿಯದು. ಬಯಾಸ್ ಕೈಹಿಡಿದು ನಡೆಸುತ್ತಿದ್ದಷ್ಟು ಹೊತ್ತು ಪೆನ್‌ಡ್ರೈವ್ ಕಂಡಿತು, ವಿಂಡೋಸ್ ತಾನೇ ಜವಾಬ್ದಾರಿ ತೆಗೆದುಕೊಂಡ ಮೇಲೆ ಆ ಕಿಂಡಿಯೇ ಅದಕ್ಕೆ ಕುರುಡಾಯಿತು. ಮದ್ದು ಸುಲಭ. ನೀಲಿ ನಾಲಿಗೆಯ ಕಿಂಡಿಯಿಂದ ಕಿತ್ತು ಕಪ್ಪು ನಾಲಿಗೆಯ ಯುಎಸ್‌ಬಿ 2 ಕಿಂಡಿಗೆ ಚುಚ್ಚಿ, ಕ್ಯಾನ್ಸಲ್ ಒತ್ತಿ ಹಿಂದೆ ಬಂದು ಮತ್ತೆ ಇನ್‌ಸ್ಟಾಲ್ ನೌ ಒತ್ತಿ. ಇಂಟೆಲಿನ ಆರನೇ ತಲೆಮಾರಿನಿಂದ, ಅಂದರೆ 2015ರಿಂದೀಚೆ, ಬಂದ ಬೋರ್ಡುಗಳಲ್ಲಿ ಕಪ್ಪು ಕಿಂಡಿಯೂ ಒಳಗೆ ಹೊಸ ನಿಯಂತ್ರಕಕ್ಕೇ ಸೇರಿರುತ್ತದೆ. ಅಲ್ಲಿ ಮೌಸು, ಕೀಬೋರ್ಡು ಎರಡೂ ಸತ್ತು ಬೀಳುತ್ತವೆ. ಆಗ ಬೋರ್ಡಿನ ಕಂಪನಿಯೇ ಕೊಡುವ ಸಾಧನದಿಂದ ಯುಎಸ್‌ಬಿ 3 ಚಾಲಕವನ್ನು ಪೆನ್‌ಡ್ರೈವಿಗೆ ಸೇರಿಸಿಕೊಳ್ಳಬೇಕು. ಗುಂಡನೆಯ ತೂತಿನ ಹಳೇ ಪಿಎಸ್/2 ಕೀಬೋರ್ಡ್ ಅಟ್ಟದ ಮೇಲಿದ್ದರೆ ಇಂಥ ದಿನಕ್ಕೆಂದೇ ಇಟ್ಟುಕೊಳ್ಳಿ.

ಹಾಕುವ ಮೊದಲು ತೆಗೆಯಿರಿ

ಪರಿಚಯದವರೊಬ್ಬರ ಕಂಪ್ಯೂಟರನ್ನು ಪೇಟೆಯ ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟಿದ್ದೆವು. ಸಂಜೆಗೆ ವಿಂಡೋಸ್ ಹೊಸದಾಗಿ ಹೊಳೆಯುತ್ತಾ ಬಂತು, ಹದಿನಾಲ್ಕು ವರ್ಷದ ಕಡತಗಳು ಬರಲಿಲ್ಲ. ‘ಡಿ ಡ್ರೈವಲ್ಲಿತ್ತಾ? ನೀವು ಹೇಳ್ಲಿಲ್ವಲ್ಲ ಸಾರ್’ ಎಂದರು. ಹೇಳಿರಲಿಲ್ಲ, ನಿಜ. ಅಂದಿನಿಂದ ನಾನು ಯಾವ ಯಂತ್ರಕ್ಕೂ ವಿಂಡೋಸ್ ಹಾಕುವ ಮೊದಲು ಇನ್ನೊಂದು ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸುತ್ತೇನೆ. ಲಿನಕ್ಸ್ ಮಿಂಟ್ ಐಎಸ್‌ಒವನ್ನು ಇದೇ ರೂಫಸಿನಲ್ಲಿ ಬರೆದುಕೊಂಡರೆ ಸಾಕು. ಪ್ರೊಸೆಸರ್ 64 ಬಿಟ್ಟಿನದಾಗಿದ್ದು 2 ಜಿಬಿ ರ್‍ಯಾಮ್ ಇದ್ದರೆ ಓಡುತ್ತದೆ. ಅದರಲ್ಲಿ ಹಾಕಿರುವ ವಿಂಡೋಸ್ 32 ಬಿಟ್ಟಿನದಾದರೂ ಅಡ್ಡಿಯಿಲ್ಲ. ಹಾರ್ಡ್‌ಡಿಸ್ಕಿಗೆ ಏನನ್ನೂ ಬರೆಯದೆ ಪೆನ್‌ಡ್ರೈವಿನಿಂದಲೇ ಎದ್ದು, ವಿಂಡೋಸಿನ ಡ್ರೈವುಗಳನ್ನು ತೆರೆದು ತೋರಿಸುತ್ತದೆ. ವೆಂಟಾಯ್ ಎಂಬ ತಂತ್ರಾಂಶವಿದ್ದರೆ ಒಂದೇ ಪೆನ್‌ಡ್ರೈವಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡರ ಐಎಸ್‌ಒಗಳನ್ನೂ ಇಟ್ಟುಕೊಂಡು ಆರಿಸಬಹುದು.

ಏನೇನು ತೆಗೆಯಬೇಕು? ಡೆಸ್ಕ್‌ಟಾಪ್ ಮೊದಲು. ನಮ್ಮವರ ಇಡೀ ವ್ಯವಹಾರ ಇರುವುದೇ ಅಲ್ಲಿ, ಅದೂ ಸಿ ಡ್ರೈವಿನಲ್ಲಿ, ಯೂಸರ್ಸ್ ಫೋಲ್ಡರಿನ ಒಳಗೆ. ಮೈ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಆಮೇಲೆ. ಡಿಟಿಪಿಯವರು ಮರೆಯಲೇಬಾರದ್ದು ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್. ನುಡಿಯನ್ನು ಮತ್ತೆ ಹಾಕಿಕೊಂಡರಾಯಿತು ಎನ್ನಬೇಡಿ. ಬೇರೆ ಆವೃತ್ತಿಯ ಫಾಂಟಿನಲ್ಲಿ ಅಕ್ಷರದ ಅಗಲ ಕೂದಲೆಳೆಯಷ್ಟು ಬದಲಾದರೂ ನೂರು ಪುಟದ ಪುಸ್ತಕದಲ್ಲಿ ಸಾಲುಗಳು ಎಲ್ಲೆಲ್ಲೋ ಮುರಿಯುತ್ತವೆ. ಇದ್ದ ಫಾಂಟುಗಳನ್ನೇ ಹಾಗೆಹಾಗೇ ಎತ್ತಿಟ್ಟುಕೊಳ್ಳಿ. ಟಕ್ ಟಕ್ ಎನ್ನುವ ಡಿಸ್ಕಾದರೆ ಮುಖ್ಯವಾದದ್ದನ್ನು ಮೊದಲು ತೆಗೆಯಿರಿ, ಸಿನಿಮಾ ಆಮೇಲೆ.

ಅದೂ ಅಲ್ಲದೆ, ಪ್ರತಿ ಸಲವೂ ವಿಂಡೋಸನ್ನು ಹೊಸದಾಗಿ ಹಾಕಬೇಕಿಲ್ಲ. ಇನ್‌ಸ್ಟಾಲ್ ನೌ ಇರುವ ಪರದೆಯ ಕೆಳಗೆ ಎಡಮೂಲೆಯಲ್ಲಿ ‘ರಿಪೇರ್ ಯುವರ್ ಕಂಪ್ಯೂಟರ್’ ಎಂಬ ಸಣ್ಣ ಅಕ್ಷರದ ಕೊಂಡಿಯಿದೆ. ಅಂಗಡಿಯವರು ಅದರ ಕಡೆ ನೋಡುವುದೇ ಅಪರೂಪ. ಒಳಗೆ ಸ್ಟಾರ್ಟಪ್ ರಿಪೇರ್ ಇದೆ. ಒಂದು ಸಲಕ್ಕೆ ಆಗದಿದ್ದರೆ ಎರಡು ಮೂರು ಸಲ ಓಡಿಸಿ. ಅದರಿಂದಲೂ ಆಗದಿದ್ದರೆ ಅಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ಬೂಟ್‌ರೆಕ್ ಎಂಬುದನ್ನು ಫಿಕ್ಸ್‌ಎಂಬಿಆರ್, ಫಿಕ್ಸ್‌ಬೂಟ್, ರೀಬಿಲ್ಡ್‌ಬಿಸಿಡಿ ಎಂಬ ಮೂರು ಗುರುತುಗಳೊಡನೆ ಒಂದರ ಹಿಂದೊಂದು ಕೊಡಿ. ಡಿಸ್ಕ್ ಗಟ್ಟಿಯಾಗಿದ್ದು ಬೂಟ್ ಆಗುವ ಸೂಚನೆಗಳಷ್ಟೇ ಕೆಟ್ಟಿದ್ದರೆ ಹತ್ತೇ ನಿಮಿಷದಲ್ಲಿ ನಿಮ್ಮ ಹಳೇ ಡೆಸ್ಕ್‌ಟಾಪ್ ಇದ್ದಂತೆಯೇ ಮರಳುತ್ತದೆ.

ಹಾಕಲೇಬೇಕಾದರೆ ಕಸ್ಟಮ್ ಎಂಬುದನ್ನು ಆರಿಸಿ. ಡಿಸ್ಕಿನ ಭಾಗಗಳ ಪಟ್ಟಿ ಬಂದಾಗ ಸಿ, ಡಿ ಎಂಬ ಅಕ್ಷರಗಳು ಅಲ್ಲಿರುವುದಿಲ್ಲ, ಪಾರ್ಟಿಶನ್ 1, 2, 3 ಎಂದಷ್ಟೇ ಇರುತ್ತದೆ. ಮೊದಲನೆಯದು 100 ಎಂಬಿಯ ಸಿಸ್ಟಮ್ ರಿಸರ್ವ್ಡ್ ಆಗಿರಬಹುದು. ಆದ್ದರಿಂದ ಗಾತ್ರವನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಅದರಿಂದ ಗುರುತು ಹಿಡಿಯಿರಿ. ಹಳೇ ವಿಂಡೋಸ್ ಇದ್ದ ಭಾಗವನ್ನು ಫಾರ್ಮ್ಯಾಟ್ ಮಾಡದೆಯೂ ಮುಂದುವರಿಯಬಹುದು. ಹಳೆಯದೆಲ್ಲ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿಗೆ ಹೋಗಿ ಕೂರುತ್ತದೆ. ಜಾಗವಿದ್ದರೆ ನಾನು ಹಾಗೇ ಮಾಡುತ್ತೇನೆ. ಅರ್ಧದಲ್ಲಿ ಕಂಪ್ಯೂಟರ್ ತಾನೇ ಒಮ್ಮೆ ಮರುಚಾಲೂ ಆಗುತ್ತದೆ. ಆಗ ಮತ್ತೆ ಪೆನ್‌ಡ್ರೈವಿನಿಂದ ಏಳಲು ಬಿಟ್ಟರೆ ಮೊದಲಿನಿಂದ ಅದೇ ಕಥೆ ಶುರು. ಪೆನ್‌ಡ್ರೈವ್ ಕಿತ್ತುಬಿಡಿ, ಇಲ್ಲವೇ ಹಾರ್ಡ್‌ಡಿಸ್ಕಿನಿಂದ ಏಳುವಂತೆ ನೋಡಿಕೊಳ್ಳಿ.

ನಮ್ಮ ಮುದ್ರಣಾಲಯದಲ್ಲಿ ಹಳೇ ಡಿಸ್ಕ್ ಬಿಸಾಡಿ 240 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿದೆವು. ಹಾಗೆ ಹಾಕುವವರು ವಿಂಡೋಸ್ ಹಾಕುವ ಮೊದಲೇ ಬಯಾಸಿನಲ್ಲಿ ಸಾಟಾ ಮೋಡ್ ಎಂಬುದನ್ನು ಎಎಚ್‌ಸಿಐಗೆ ಬದಲಿಸಿಕೊಳ್ಳಿ. ಆಮೇಲೆ ಬದಲಿಸಿದರೆ 7ಬಿ ಎಂದು ಕೊನೆಯಾಗುವ ನೀಲಿ ಪರದೆ ಖಾತ್ರಿ. ಇದಕ್ಕೊಂದು ವಿಚಿತ್ರ ಬಾಲವಿದೆ. ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್ 2032 ಸೆಲ್ ಸತ್ತರೆ ಬಯಾಸಿನ ಹೊಂದಿಕೆಗಳೆಲ್ಲ ಮರೆತುಹೋಗಿ, ಸಾಟಾ ಮೋಡ್ ಹಳೆಯದಕ್ಕೆ ಜಾರಿ, ಒಂದು ಬೆಳಿಗ್ಗೆ ಏಕಾಏಕಿ ಅದೇ ನೀಲಿ ಪರದೆ. ತಾರೀಕು ಹತ್ತಾರು ವರ್ಷ ಹಿಂದಕ್ಕೆ ಹೋಗಿದ್ದರೆ ಅನುಮಾನವೇ ಬೇಡ. ವಿಂಡೋಸನ್ನು ಮುಟ್ಟದೆ, ಫ್ಯಾನ್ಸಿ ಸ್ಟೋರಿನಲ್ಲೂ ಸಿಗುವ ಆ ಸೆಲ್ ತಂದು ಹಾಕಿ ಸಾಟಾ ಮೋಡ್ ಸರಿ ಮಾಡಿ.

ಹೊಸದಾಗಿ ಎದ್ದ ವಿಂಡೋಸ್ 7 ಎಷ್ಟೋ ಬೋರ್ಡುಗಳ ನೆಟ್‌ವರ್ಕ್ ಕಾರ್ಡನ್ನೂ ಗ್ರಾಫಿಕ್ಸನ್ನೂ ಗುರುತಿಸದು. ಚಿಪ್‌ಸೆಟ್, ಗ್ರಾಫಿಕ್ಸ್, ನೆಟ್‌ವರ್ಕ್, ಪ್ರಿಂಟರ್, ಡಾಂಗಲ್ ಇವುಗಳ ಚಾಲಕಗಳನ್ನು ಮೊದಲೇ ಇಳಿಸಿ, ಅದೇ ಪೆನ್‌ಡ್ರೈವಿನಲ್ಲಿ ಚಾಲಕ ಎಂಬ ಒಂದು ಫೋಲ್ಡರ್ ಮಾಡಿ ಹಾಕಿಡಿ. ನುಡಿಯ ಸೆಟಪ್, ಎತ್ತಿಟ್ಟ ಫಾಂಟುಗಳು, ಕೀ ಚೀಟಿಯ ಫೋಟೋ ಕೂಡ ಅಲ್ಲೇ ಇರಲಿ. ಪೇಜ್‌ಮೇಕರನ್ನು ಹಾಕುವಾಗಲೂ ಮೊದಲ ಸಲ ತೆರೆಯುವಾಗಲೂ ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಡಿ.

ಪೆನ್‌ಡ್ರೈವ್ ತಯಾರಾದ ದಿನವೇ ಅದನ್ನು ಯಾವ ಯಂತ್ರಕ್ಕೆಂದು ಮಾಡಿದ್ದೋ ಅದೇ ಯಂತ್ರಕ್ಕೆ ಚುಚ್ಚಿ, ಇನ್‌ಸ್ಟಾಲ್ ನೌ ಪರದೆಯವರೆಗೆ ಹೋಗಿ, ಅಲ್ಲಿಂದ ಹಿಂದೆ ಬನ್ನಿ. ಅಲ್ಲಿಯವರೆಗೆ ಹಾರ್ಡ್‌ಡಿಸ್ಕಿಗೆ ಒಂದಕ್ಷರವೂ ಬರೆಯುವುದಿಲ್ಲ, ಹೆದರಬೇಡಿ. ಹೋಗದಿದ್ದರೆ ಇವತ್ತೇ ಗೊತ್ತಾಯಿತು, ಸರಿಮಾಡಲು ಹೊತ್ತಿದೆ. ಹೋದರೆ ಅದಕ್ಕೊಂದು ಚೀಟಿ ಕಟ್ಟಿ ‘ವಿಂಡೋಸ್ 7, 32 ಬಿಟ್, ಎಫ್12’ ಎಂದು ಮಾರ್ಕರಿನಲ್ಲಿ ಬರೆಯಿರಿ. ಮುದ್ರಣಾಲಯದ ಹುಡುಗಿ ತನ್ನದನ್ನು ಪಂಚಾಂಗ ತೂಗುಹಾಕುವ ಮೊಳೆಗೆ ಕಟ್ಟಿದ್ದಾಳೆ. ಫೋಟೋ ಕಾಪಿ ಮಾಡಿಕೊಳ್ಳಲು ಅದನ್ನು ಯಾರು ಕೇಳಿದರೂ ಕೊಡುವುದಿಲ್ಲ.